ಶಾಂತಳ್ಳಿ ಕಡೆಯ ಒಂದು ಮನೆಗೆ ಬಂದ ಹೊಸ ಟಿ.ವಿ.: ಒಂದು ಪ್ರಕರಣ ಅಧ್ಯಯನ

ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಹೋಬಳಿಯಲ್ಲಿ, ಪುಷ್ಪಗಿರಿ ಬೆಟ್ಟದ ಮಗ್ಗುಲಲ್ಲಿ ಇರುವ ಒಂದು ಕಾಫಿ ಬೆಳೆಗಾರರ ಮನೆಯ ವಿಷಯ ಇದು. ನಾನು ಈ ಭಾಗದಲ್ಲಿ ಟಿ.ವಿ., ಸೆಟ್ ಟಾಪ್ ಬಾಕ್ಸ್, ಇನ್ವರ್ಟರ್ ರಿಪೇರಿ ಮಾಡುವವನು. ಹೊಸ ಟಿ.ವಿ. ಕೊಳ್ಳುವ ಮುಂಚೆ ಸಲಹೆ ಕೇಳಿಕೊಂಡು ಬರುವವರು ಕಡಿಮೆ. ತಂದ ಮೇಲೆ "ಚಿತ್ರ ಯಾಕೋ ಸರಿ ಇಲ್ಲ" ಅಂತ ಬರುವವರೇ ಹೆಚ್ಚು. ಈ ಮನೆಯವರು ಮೊದಲೇ ಬಂದರು. ಹಾಗಾಗಿ ಕೊಳ್ಳುವುದಕ್ಕೆ ಮೊದಲು ಏನೇನು ಯೋಚನೆ ನಡೆಯಿತು, ಎಲ್ಲಿ ತೀರ್ಮಾನ ಬದಲಾಯಿತು ಅನ್ನುವುದನ್ನು ಹತ್ತಿರದಿಂದ ನೋಡಲು ಸಾಧ್ಯವಾಯಿತು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಮನೆತನ, ಅಂಗಡಿ, ಕಂಪನಿ ಯಾವುದರ ಹೆಸರೂ ಇಲ್ಲಿಲ್ಲ.

ಹಿನ್ನೆಲೆ

ಮನೆಯಲ್ಲಿ ಕಾಯಂ ಇರುವವರು ಮೂವರು. ಅರವತ್ತು ದಾಟಿದ ಯಜಮಾನರು, ಅವರ ಪತ್ನಿ, ಯಜಮಾನರ ತಾಯಿ. ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಕಣ್ಣು ಚೆನ್ನಾಗಿದೆ, ಕಿವಿ ಮಂದ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಮತ್ತು ಕಾಫಿ ಕೊಯ್ಲಿಗೆ ಬರುತ್ತಾನೆ. ಅರೇಬಿಕಾ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಸ್ವಲ್ಪ ಏಲಕ್ಕಿ.

ಅವರಲ್ಲಿ ಹತ್ತು ವರ್ಷದ ಹಿಂದಿನ 32 ಇಂಚಿನ ಎಲ್‌ಇಡಿ ಟಿ.ವಿ. ಇತ್ತು. 2025ರ ಏಪ್ರಿಲ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಯ ಜೊತೆ ಬಂದ ಸಿಡಿಲಿಗೆ ಅದು ಸತ್ತಿತು. ನನ್ನ ಬಳಿ ತಂದಾಗ ಬಿಚ್ಚಿ ನೋಡಿದೆ. ಕರೆಂಟಿನ ಭಾಗ ಸುರಕ್ಷಿತವಾಗಿತ್ತು. ಸೆಟ್ ಟಾಪ್ ಬಾಕ್ಸಿನಿಂದ ವೈರ್ ಬಂದು ಸೇರುವ ಜಾಗದಿಂದ ಶುರುವಾಗಿ ಮುಖ್ಯ ಬೋರ್ಡ್ ಸುಟ್ಟಿತ್ತು. ಬಾಕ್ಸ್ ಕೂಡ ಹೋಗಿತ್ತು. ಅಂದರೆ ಸಿಡಿಲಿನ ಏಟು ಬಂದದ್ದು ಮಾಡಿನ ಮೇಲಿನ ಡಿಶ್‌ನಿಂದ ಇಳಿದ ಕೇಬಲ್ ಮೂಲಕ. ಆ ಮಾದರಿಯ ಬೋರ್ಡ್ ಈಗ ಸಿಗುವುದಿಲ್ಲ. ಸಿಕ್ಕರೂ ಅಷ್ಟು ಹಣ ಹಾಕುವುದು ದಂಡ ಅಂತ ಹೇಳಿ ಕಳಿಸಿದೆ.

ಏಪ್ರಿಲ್‌ನಿಂದ ಮಳೆಗಾಲ ಮುಗಿಯುವವರೆಗೆ ಮನೆಯಲ್ಲಿ ಟಿ.ವಿ. ಇರಲಿಲ್ಲ. ಅಜ್ಜಿ ಮಡಿಕೇರಿ ಆಕಾಶವಾಣಿ ಕೇಳಿಕೊಂಡು ಕಾಲ ಕಳೆದರು. "ರೇಡಿಯೋಗೆ ಮಳೆ ಲೆಕ್ಕವೇ ಇಲ್ಲ ನೋಡು" ಎಂದು ಅವರು ಒಮ್ಮೆ ಹೇಳಿದ್ದು ಆಗ ಯಾರ ಗಮನಕ್ಕೂ ಬರಲಿಲ್ಲ. ಮುಂದೆ ಇಡೀ ವಿಚಾರ ತಿರುಗಿದ್ದು ಅದೇ ಮಾತಿನ ಸುತ್ತ.

ಸಮಸ್ಯೆ ಏನಿತ್ತು

ಮೇಲ್ನೋಟಕ್ಕೆ ಸಮಸ್ಯೆ ಅಳತೆಯದ್ದು. ಮಗನಿಗೆ 55 ಇಂಚಿನ 4ಕೆ (ಅತಿ ಹೆಚ್ಚು ಚುಕ್ಕಿಗಳ ಪರದೆಯ) ಟಿ.ವಿ. ಬೇಕು, ಅದೂ ಆನ್‌ಲೈನ್‌ನಲ್ಲಿ, ಹಬ್ಬದ ರಿಯಾಯಿತಿಯಲ್ಲಿ. ಯಜಮಾನರಿಗೆ ಹಳೆಯದ್ದೇ ಅಳತೆ ಸಾಕು. "ವಾರ್ತೆ ಓದೋರ ಮುಖ ಗೋಡೆಯಷ್ಟು ಕಂಡರೆ ನಂಗೇನು ಲಾಭ?" ಎಂಬ ವಾದ. ಅವರ ಪತ್ನಿಗೆ ಜಗಲಿಯಿಂದ ಒಳಗೆ ಬಂದ ಕೂಡಲೇ ಕಾಣುವ ಹಾಲ್‌ನ ಗೋಡೆ ಕೆಡಬಾರದು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ದುಡ್ಡು ನಲವತ್ತು ಸಾವಿರದ ಒಳಗೆ. ಮೆಣಸು ಮಾರಿದ್ದರಲ್ಲಿ ಅಷ್ಟನ್ನು ತೆಗೆದಿಟ್ಟಿದ್ದರು.

ನಾನು ಕೇಳಿದ ಮೊದಲ ಪ್ರಶ್ನೆಗೆ ಇವರಲ್ಲಿ ಯಾರ ಹತ್ತಿರವೂ ನೇರ ಉತ್ತರ ಇರಲಿಲ್ಲ. ಹಳೆಯ ಟಿ.ವಿ.ಯಲ್ಲಿ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಹೊತ್ತು ಚಿತ್ರ ಬರುತ್ತಿತ್ತು? ಯಜಮಾನರು ಸ್ವಲ್ಪ ಯೋಚಿಸಿ, "ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಅದಕ್ಕೂ ಟಿ.ವಿ.ಗೂ ಏನು ಸಂಬಂಧ?" ಎಂದರು.

ಸಂಬಂಧ ಇದೆ. ನಮ್ಮ ದೇಶದ ಡಿಟಿಎಚ್, ಅಂದರೆ ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಬರುವ ಸೇವೆಗಳೆಲ್ಲ ಕೆಯು ಬ್ಯಾಂಡ್ ಎಂಬ ತರಂಗಗಳಲ್ಲಿ ಬರುತ್ತವೆ. ಅವುಗಳ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಸುರಿದಾಗ ಹನಿಗಳೇ ಆ ತರಂಗವನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಯಾವ ಕಂಪನಿಯ ಡಿಶ್ ಆದರೂ ಇದು ತಪ್ಪಿದ್ದಲ್ಲ. ಮೈಸೂರಿನಲ್ಲಿ ಹತ್ತು ನಿಮಿಷ ಹೋಗಿ ವಾಪಸ್ ಬರುವ ಚಿತ್ರ, ಆಷಾಢದ ಶಾಂತಳ್ಳಿಯಲ್ಲಿ ಮಧ್ಯಾಹ್ನವಿಡೀ ಬರದೇ ಇರಬಹುದು. ನಲವತ್ತು ಸಾವಿರದ ಪರದೆ ತಂದು ಅದರ ಮೇಲೆ "ಸಿಗ್ನಲ್ ಇಲ್ಲ" ಎಂಬ ನೀಲಿ ಚೌಕ ನೋಡುವುದಾದರೆ, ಅದು 32 ಇಂಚಿನಲ್ಲಿ ಕಂಡರೇನು, 55ರಲ್ಲಿ ಕಂಡರೇನು?

ಏನೇನು ಮಾಡಿ ನೋಡಿದರು

ಮೊದಲು ಮನೆಯ ಅಳತೆ. ಟಿ.ವಿ.ಯ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದದ್ದು. ಮನೆಗೆ ಬೇಕಾದದ್ದು ಅಗಲ. 55 ಇಂಚಿನ ಪರದೆ ಸುಮಾರು 122 ಸೆಂಟಿಮೀಟರ್ ಅಗಲ, 69 ಎತ್ತರ. 43 ಇಂಚಿನದ್ದು ಸುಮಾರು 95 ಅಗಲ, 54 ಎತ್ತರ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಎರಡೂ ಅಳತೆಗೆ ಕತ್ತರಿಸಿ ಗೋಡೆಗೆ ಹಚ್ಚಿ ಎಂದು ಹೇಳಿದ್ದೆ. ಅವರು ಹಚ್ಚಿದರು. ದೊಡ್ಡ ಕಾಗದ ಕಂಡ ಕೂಡಲೇ ಮನೆಯೊಡತಿ, "ಇದು ಟಿ.ವಿ. ಅಲ್ಲ, ಕಿಟಕಿ" ಎಂದು ಒಂದೇ ಮಾತಲ್ಲಿ ತಳ್ಳಿಹಾಕಿದರಂತೆ. ಬೆಂಗಳೂರಿನ ಮಗ ಫೋಟೋ ತರಿಸಿಕೊಂಡು ನೋಡಿಯೂ ಪಟ್ಟು ಬಿಡಲಿಲ್ಲ.

ಪಟ್ಟು ಸಡಿಲವಾಗಿದ್ದು ಗೋಡೆಯಿಂದ. ಅದು ಹಳೆಯ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಸುಣ್ಣ. ಮಳೆಗಾಲದಲ್ಲಿ ಕೈಯಿಟ್ಟರೆ ತಣ್ಣಗೆ ಒದ್ದೆ. ಅಂಥ ಗೋಡೆಗೆ ಡ್ರಿಲ್ ಹಾಕಿದರೆ ತೂತಿನ ಸುತ್ತ ಮಣ್ಣು ಉದುರುತ್ತದೆ, ಸ್ಕ್ರೂ ಕೂರಿಸುವ ಪ್ಲಗ್ ಹಿಡಿದು ನಿಲ್ಲುವುದಿಲ್ಲ. ಸುತ್ತಲ ಊರುಗಳಲ್ಲಿ ಹೀಗೆ ಕಳಚಿ ಬಿದ್ದ ಟಿ.ವಿ.ಗಳು ನನ್ನ ಅಂಗಡಿಗೆ ಬಂದಿವೆ; ಒಡೆದ ಪರದೆಗೆ ರಿಪೇರಿ ಇಲ್ಲ, ವಾರಂಟಿಯೂ ಇಲ್ಲ. ಆದ್ದರಿಂದ ಟಿ.ವಿ. ಷೋಕೇಸಿನಲ್ಲೇ ಕೂರಬೇಕು. ಬೀಟೆ ಮರದ ಆ ಷೋಕೇಸಿನ ನಡುವಿನ ಖಾನೆಯ ಒಳಅಗಲ ಮೂರು ಅಡಿ ನಾಲ್ಕು ಇಂಚು, ಅಂದರೆ ನೂರೊಂದು ಸೆಂಟಿಮೀಟರ್ ಚಿಲ್ಲರೆ. 43 ಕೂರುತ್ತದೆ, 50 ಕೂರುವುದಿಲ್ಲ. ಷೋಕೇಸ್ ಒಡೆಯುವ ಮಾತನ್ನು ಆ ಮನೆಯಲ್ಲಿ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ, ಮಗನಿಗೂ.

ಖಾನೆಯಲ್ಲಿ ಗೋಡೆಗನ್ನಡಿಯೊಂದನ್ನು ನಿಲ್ಲಿಸಿ, ಕೂರುವ ಜಾಗಗಳಿಂದ ನೋಡಲು ಹೇಳಿದೆ. ಕನ್ನಡಿಯಲ್ಲಿ ಕಿಟಕಿ ಅಥವಾ ಬಾಗಿಲು ಕಂಡರೆ ಟಿ.ವಿ.ಯಲ್ಲೂ ಕಾಣುತ್ತದೆ. ಹಗಲಿಡೀ ತೆರೆದಿರುವ ಮುಂಬಾಗಿಲು ಯಜಮಾನರ ಬೆಂಚಿನಿಂದ ಪೂರ್ತಿ ಕಾಣುತ್ತಿತ್ತು. ಬೆಂಚನ್ನು ಎರಡಡಿ ಪಕ್ಕಕ್ಕೆ ಸರಿಸಿದರು, ಮುಗಿಯಿತು.

ಆಮೇಲೆ ಕುಶಾಲನಗರದ ಅಂಗಡಿ. ಮಗ ಗಣೇಶನ ಹಬ್ಬಕ್ಕೆ ಬಂದಿದ್ದ. ಅಪ್ಪ, ಮಗ ಇಬ್ಬರೂ ಹೋದರು, ನನ್ನನ್ನೂ ಕರೆದರು. ಅಂಗಡಿಯಲ್ಲಿ ಎಲ್ಲ ಟಿ.ವಿ.ಗಳಲ್ಲೂ ಗಿಳಿ, ಜಲಪಾತ, ಹೂವಿನ ದಳದ ಮೇಲಿನ ಇಬ್ಬನಿ. ಅದು ಕಂಪನಿಯವರೇ 4ಕೆಯಲ್ಲಿ ಚಿತ್ರೀಕರಿಸಿ ಕೊಟ್ಟ ತುಣುಕು. ಟಿ.ವಿ. ಕೂಡ ಅಂಗಡಿಯ ಮೋಡ್‌ನಲ್ಲಿ ಇರುತ್ತದೆ: ಬೆಳಕು, ಬಣ್ಣ ಎರಡೂ ತುತ್ತತುದಿಗೆ. ಅಲ್ಲಿ ಎಲ್ಲವೂ ಚೆಂದವೇ. ಸೇಲ್ಸ್‌ನ ಹುಡುಗ 4ಕೆ, ಎಚ್‌ಡಿಆರ್, ಕ್ಯೂಎಲ್‌ಇಡಿ ಎಂದು ಒಂದಾದ ಮೇಲೊಂದು ಹೇಳುತ್ತಿದ್ದ. ಯಜಮಾನರು ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಕೇಳಿದರು: "ಅದೆಲ್ಲ ಸರಿ ತಮ್ಮಾ. ನಮ್ಮನೇಲಿ ಗಿಳಿ ಬರಲ್ಲ, ವಾರ್ತೆ ಬರುತ್ತೆ. ಅದನ್ನ ಹಾಕಿ ತೋರಿಸು."

ಈ ಪ್ರಕರಣದ ಮೊದಲ ತಿರುವು ಆ ಪ್ರಶ್ನೆ. ಹುಡುಗ ಅಂಗಡಿಯ ಸೆಟ್ ಟಾಪ್ ಬಾಕ್ಸ್ ಜೋಡಿಸಿ, ಮಾಮೂಲು ಎಸ್‌ಡಿ (ಕಡಿಮೆ ಚುಕ್ಕಿಗಳ) ಕನ್ನಡ ವಾರ್ತಾ ಚಾನೆಲ್ ಹಾಕಿದ. 55 ಇಂಚಿನಲ್ಲಿ ಓದುವವರ ಮುಖ ಮೇಣ ಹಚ್ಚಿದ ಹಾಗಿತ್ತು. ಕೆಳಗೆ ಓಡುವ ಅಕ್ಷರಗಳ ಅಂಚು ಕಲಸಿಹೋಗಿತ್ತು. ಪಕ್ಕದ 43ರಲ್ಲಿ ಪರವಾಗಿಲ್ಲ. ಮೂಲೆಯಲ್ಲಿದ್ದ ಅಗ್ಗದ 32ರಲ್ಲಿ ಅದೇ ಚಾನೆಲ್ ಚೊಕ್ಕವಾಗಿ ಕಾಣುತ್ತಿತ್ತು! ಮಗ ಮುಖ ಸಣ್ಣ ಮಾಡಿಕೊಂಡು, "ಈ ಪೀಸ್ ಸರಿ ಇಲ್ಲ ಅನ್ಸುತ್ತೆ" ಎಂದ. ಪೀಸಿನ ತಪ್ಪು ಅದಲ್ಲ.

ಲೆಕ್ಕ ಹೀಗಿದೆ. ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ 720×576, ಅಂದರೆ ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿಗಳು. 4ಕೆ ಪರದೆಯಲ್ಲಿ 3840×2160, ಸುಮಾರು 83 ಲಕ್ಷ. ಬಂದ ಒಂದೊಂದು ಚುಕ್ಕಿಯಿಂದ ಇಪ್ಪತ್ತು ಚುಕ್ಕಿಗಳನ್ನು ಟಿ.ವಿ. ತಾನೇ ಊಹಿಸಿ ತುಂಬಬೇಕು. ಎಚ್‌ಡಿ ಚಾನೆಲ್ ಆದರೆ 1920×1080 (ಇದಕ್ಕೇ ಫುಲ್ ಎಚ್‌ಡಿ ಎನ್ನುವುದು), ಹತ್ತಿರ ಹತ್ತಿರ 21 ಲಕ್ಷ ಚುಕ್ಕಿ. ಆಗ ನಾಲ್ಕು ಪಟ್ಟು ಊಹೆ ಸಾಕು, ಅದನ್ನು ಈಗಿನ ಟಿ.ವಿ.ಗಳು ಚೆನ್ನಾಗಿಯೇ ಮಾಡುತ್ತವೆ.

ಇನ್ನೊಂದು ಕಡೆ ನಮ್ಮ ಕಣ್ಣಿನ ಮಿತಿ. ಎಸ್‌ಡಿ ಚಿತ್ರದ ಒರಟು ಕಾಣದೇ ಇರಬೇಕಾದರೆ ಪರದೆಯ ಎತ್ತರದ ಸುಮಾರು ಆರು ಪಟ್ಟು ದೂರ ಕೂರಬೇಕು. ಫುಲ್ ಎಚ್‌ಡಿಗೆ ಮೂರು ಪಟ್ಟಿನ ಆಸುಪಾಸು, 4ಕೆಗೆ ಒಂದೂವರೆ ಪಟ್ಟು. ಇದನ್ನು ಈ ಮನೆಗೆ ಹಾಕಿ ನೋಡಿ. ಯಜಮಾನರ ಬೆಂಚು ಟಿ.ವಿ.ಯಿಂದ ಹನ್ನೊಂದು ಅಡಿ, ಅಜ್ಜಿಯ ಕುರ್ಚಿ ಏಳು ಅಡಿ. 32 ಇಂಚಿಗೆ ಎಸ್‌ಡಿ ಎಂಟು ಅಡಿಯಿಂದ ಆಚೆಗೆ ಚೆನ್ನ; 43ಕ್ಕೆ ಹತ್ತೂವರೆ ಅಡಿ; 55ಕ್ಕೆ ಹದಿಮೂರೂವರೆ. ಅಂದರೆ 55ರಲ್ಲಿ ಎಸ್‌ಡಿ ನೋಡಿದರೆ ಆ ಹಾಲ್‌ನ ಯಾವ ಮೂಲೆಯಲ್ಲಿ ಕೂತರೂ ಮೇಣದ ಮುಖವೇ. 43ರ ಮೇಲೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣಬೇಕಾದರೆ ಐದೂವರೆ ಅಡಿಗಿಂತ ಹತ್ತಿರ ಬರಬೇಕು. ಅಜ್ಜಿಯೂ ಅಷ್ಟು ಹತ್ತಿರ ಕೂರುವುದಿಲ್ಲ. 4ಕೆ ಬೇಡ ಎಂದು ನಾನು ಹೇಳುವುದಿಲ್ಲ. ಈಗ 43 ಇಂಚಿನಲ್ಲಿ ಒಳ್ಳೆಯ ಪ್ಯಾನೆಲ್ (ಪರದೆಯ ಫಲಕ) ಹುಡುಕಿದರೆ ಅದು 4ಕೆಯೇ ಆಗಿರುತ್ತದೆ, ಬೆಲೆಯ ಅಂತರವೂ ದೊಡ್ಡದಲ್ಲ. ಆದರೆ ಅದನ್ನು ನೋಡಿ ಆರಿಸಬೇಕಾಗಿಲ್ಲ.

ಅಂಗಡಿಯಲ್ಲಿ ನೋಡಿ ಆರಿಸಬೇಕಾದ ವಿಷಯ ಬೇರೆ ಇತ್ತು. ಅಜ್ಜಿಯ ಕುರ್ಚಿ ಟಿ.ವಿ.ಗೆ ನೇರ ಇಲ್ಲ, ಒಲೆಯ ಬೆಚ್ಚಗಿನ ಕಡೆಗೆ ಓರೆಯಾಗಿದೆ, ಅಲ್ಲಿಂದ ಅವರು ಕದಲುವವರಲ್ಲ. ಎರಡು 43 ಇಂಚಿನ ಟಿ.ವಿ.ಗಳನ್ನು ಆರಿಸಿಕೊಂಡು, ಅಷ್ಟೇ ಓರೆಯಿಂದ ನೋಡಿದೆವು. ಒಂದರಲ್ಲಿ ಬಣ್ಣ ಬೆಳ್ಳಗೆ ತೆಳುವಾಯಿತು, ಇನ್ನೊಂದರಲ್ಲಿ ಹಾಗೇ ಉಳಿಯಿತು. ಮೊದಲನೆಯದು ವಿಎ ಜಾತಿಯ ಪ್ಯಾನೆಲ್, ಎರಡನೆಯದು ಐಪಿಎಸ್. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ವಿಎ ಮೇಲು, ಕಪ್ಪು ಬಣ್ಣ ಅದರಲ್ಲಿ ನಿಜವಾಗಿ ಕಪ್ಪು. ದೀಪ ಹಾಕಿಕೊಂಡು, ನಾಲ್ಕು ದಿಕ್ಕಿನಲ್ಲಿ ಕೂತು ನೋಡುವ ಮನೆಗೆ ಐಪಿಎಸ್. ಅಲ್ಲಿಗೆ ಪ್ಯಾನೆಲ್‌ನ ಆಯ್ಕೆ ಖಚಿತವಾಯಿತು. ಎಚ್‌ಡಿಆರ್ (ಬೆಳಕು, ನೆರಳು ಎದ್ದು ಕಾಣಿಸುವ ಸೌಲಭ್ಯ) ಎಂಬ ಚೀಟಿ ಎರಡರ ಮೇಲೂ ಇತ್ತು. ಈ ಬೆಲೆಯ ಟಿ.ವಿ.ಗಳಲ್ಲಿ ಅದಕ್ಕೆ ಬೇಕಾದಷ್ಟು ಬೆಳಕೇ ಇರುವುದಿಲ್ಲ, ಹಾಗಾಗಿ ಆ ಚೀಟಿಗೆ ನಾನು ಬೆಲೆ ಕೊಡುವುದಿಲ್ಲ.

ಆದರೂ ಆ ದಿನ ಕೊಳ್ಳಲಿಲ್ಲ. ಮೊದಲು ಸಿಗ್ನಲ್ ಸರಿಯಾಗಲಿ, ಆಮೇಲೆ ದುಡ್ಡು ಬಿಚ್ಚುತ್ತೇನೆ ಎಂದು ಯಜಮಾನರು ಹೇಳಿದರು. ಮಗ ಸಿಟ್ಟಾಗಿ ಬೆಂಗಳೂರಿಗೆ ಹೋದ. ಆ ಕಾಯುವಿಕೆ ಬೇರೆ ರೀತಿಯಲ್ಲೂ ಫಲ ಕೊಟ್ಟಿತು. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ತೆರಿಗೆಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಲು ತೀರ್ಮಾನಿಸಿತು. ಜಾರಿಗೆ ಬಂದದ್ದು ಸೆಪ್ಟೆಂಬರ್ 22ರಿಂದ. ಹಳೆಯ ತೆರಿಗೆ ಸೇರಿ 40,000 ರೂಪಾಯಿ ಇದ್ದ ಟಿ.ವಿ. ಹೊಸ ಲೆಕ್ಕದಲ್ಲಿ 36,875 ಆಗಬೇಕು. ಶೇ ಹತ್ತು ಕಡಿಮೆ ಅಂದರೆ ನಾಲ್ಕು ಸಾವಿರ ಅಂತ ಮಗ ಲೆಕ್ಕ ಹಾಕಿದ್ದ. ತೆರಿಗೆ ಬೀಳುವುದು ಮೂಲ ಬೆಲೆಯ ಮೇಲೆ, ಹಾಗಾಗಿ ಇಳಿಯುವುದು ಮೂರು ಸಾವಿರ ಚಿಲ್ಲರೆ. 32 ಇಂಚಿಗೆ ಮುಂಚಿನಿಂದಲೂ ಶೇ 18 ಇದ್ದದ್ದರಿಂದ ಅದರ ಬೆಲೆಯಲ್ಲಿ ಬದಲಾವಣೆ ಇಲ್ಲ. ಯಜಮಾನರ "ಹಳೆಯದ್ದೇ ಅಳತೆ ಸಾಕು" ಎಂಬ ವಾದ, 32ಕ್ಕೂ 43ಕ್ಕೂ ಇದ್ದ ಬೆಲೆಯ ಅಂತರ ಹೀಗೆ ತಗ್ಗಿದ್ದರಿಂದ, ಬಿದ್ದುಹೋದದ್ದು ಅಲ್ಲಿ.

ಮರ, ಡಿಶ್, ಕಣ

ಸಿಗ್ನಲ್ ನೋಡಲು ನಾನು ಮನೆಗೆ ಹೋದೆ. ಮಳೆ ಬಿಟ್ಟಿತ್ತು, ಆಕಾಶ ತೆರೆದಿತ್ತು. ಹಾಗಿದ್ದೂ ಮೀಟರ್‌ನಲ್ಲಿ ಸಿಗ್ನಲ್ ಸೊರಗಿತ್ತು. ಆಗ ಮಳೆಯೊಂದೇ ಕಾರಣ ಅಲ್ಲ ಎಂದು ಗೊತ್ತಾಯಿತು.

ಡಿಟಿಎಚ್ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ನಮಗಿಂತ ಪೂರ್ವಕ್ಕೆ ಇರುವುದರಿಂದ ಕೊಡಗಿನಲ್ಲಿ ಡಿಶ್‌ಗಳು ಹೆಚ್ಚುಕಡಿಮೆ ಆಗ್ನೇಯಕ್ಕೆ ಮುಖ ಮಾಡಿರುತ್ತವೆ. ಈ ಮನೆಯ ಆಗ್ನೇಯಕ್ಕೆ ತೋಟದ ಅಂಚು, ಅಲ್ಲಿ ಸಾಲಾಗಿ ಸಿಲ್ವರ್ ಓಕ್. ಡಿಶ್ ಕೂರಿಸಿದ ಕಾಲಕ್ಕೆ ಮರಗಳು ಮಾಡಿನ ಎತ್ತರಕ್ಕಿದ್ದವಂತೆ. ಈಗ ಒಂದೊಂದೂ ಎರಡು ಮಾಳಿಗೆ ದಾಟಿ ಮೇಲೆ ಹೋಗಿದೆ. ಒಣಗಿದ ಎಲೆಯೇ ತರಂಗವನ್ನು ತಡೆಯುತ್ತದೆ, ಒದ್ದೆ ಎಲೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಅರೆಬರೆ ಸಿಗ್ನಲ್‌ನಲ್ಲಿ ಹೇಗೋ ಚಿತ್ರ ನಿಲ್ಲುತ್ತಿತ್ತು. ಮಳೆ ಬಂದ ಕೂಡಲೇ ಉಳಿದಿದ್ದೂ ಹೋಗುತ್ತಿತ್ತು. ವರ್ಷ ವರ್ಷ ಮಳೆಗಾಲ ಕೆಟ್ಟದಾಗುತ್ತಾ ಬಂದಿದೆ ಎಂದು ಮನೆಯವರು ಅಂದುಕೊಂಡಿದ್ದರು, ಬೆಳೆಯುತ್ತಿದ್ದದ್ದು ಮರ.

ಮರಗಸಿ ಮಾಡಿದರೆ, ಅಂದರೆ ಕೊಂಬೆ ಸವರಿದರೆ, ಸಾಲದೇ ಎಂದು ಕೇಳಿದೆ. ಯಜಮಾನರು ತಲೆ ಅಲ್ಲಾಡಿಸಿದರು. ಆ ಮರಗಳ ಮೇಲೆಯೇ ಅವರ ಒಳ್ಳೆಯ ಮೆಣಸಿನ ಬಳ್ಳಿಗಳಿದ್ದವು, ಕರೆ (ಮೆಣಸಿನ ಗೊಂಚಲು) ಕಟ್ಟುವ ಹೊತ್ತು. ಟಿ.ವಿ. ದುಡ್ಡು ಕೊಟ್ಟದ್ದೇ ಆ ಬಳ್ಳಿ. ಅದನ್ನು ಕೆಡಿಸಿ ಟಿ.ವಿ. ನೋಡುವುದು ಯಾವ ನ್ಯಾಯ?

ಉಳಿದ ದಾರಿ ಡಿಶ್ ಸರಿಸುವುದು. ಮನೆಯ ಮುಂದೆ ಕಾಫಿ ಒಣಗಿಸುವ ಕಣ ಇದೆ, ಆಗ್ನೇಯಕ್ಕೆ ಬಯಲು ಆಕಾಶ. ಕಣದ ಕಟ್ಟೆಯ ಮೂಲೆಯಲ್ಲಿ ಪೈಪ್ ನಿಲ್ಲಿಸಿ ಕಾಂಕ್ರೀಟ್ ಹಾಕಿ, ಸ್ವಲ್ಪ ದೊಡ್ಡ ಡಿಶ್ ಕೂರಿಸಿದೆವು. ಡಿಶ್ ದೊಡ್ಡದಾದಷ್ಟೂ ಹಿಡಿಯುವ ಸಿಗ್ನಲ್ ಹೆಚ್ಚು, ಮಳೆ ಕಿತ್ತುಕೊಂಡ ಮೇಲೂ ಸ್ವಲ್ಪ ಉಳಿಯುತ್ತದೆ. ಕೇಬಲ್ ಮಾತ್ರ ಉದ್ದವಾಯಿತು. ಆರ್‌ಜಿ6 ಎಂಬ ಒಳ್ಳೆಯ ಡಿಶ್ ಕೇಬಲ್ ಹಾಕಿ, ನಡುವೆ ಜಾಯಿಂಟ್ ಇಲ್ಲದಂತೆ ಎಳೆದೆವು. ತಲೆಯ ಎತ್ತರದಲ್ಲಿ ಇರುವುದರಿಂದ ಡಿಶ್ ಮೇಲಿನ ಪಾಚಿ, ಎಲೆ ಒರೆಸಲು ಏಣಿಯೂ ಬೇಡ. ಕಾಫಿ ಹರಡುವಾಗ ಅಡ್ಡ ಬರುತ್ತದೆ ಎಂದು ಆಳುಗಳು ಗೊಣಗಿದ್ದು ನಿಜ.

ಹಳೆಯ ಬಾಕ್ಸ್ ಸುಟ್ಟಿದ್ದರಿಂದ ಹೇಗೂ ಹೊಸದು ಬೇಕಿತ್ತು. ಎಚ್‌ಡಿ ಬಾಕ್ಸ್ ತೆಗೆದುಕೊಂಡರು. ಅಜ್ಜಿ ನೋಡುವ ಧಾರಾವಾಹಿ ಚಾನೆಲ್‌ಗಳನ್ನು ಮಾತ್ರ ಎಚ್‌ಡಿಗೆ ಹಾಕಿಸಿ, ಉಳಿದದ್ದು ಎಸ್‌ಡಿಯಲ್ಲೇ ಇಟ್ಟರು. ತಿಂಗಳ ಬಾಡಿಗೆ ತೀರಾ ಏರಲಿಲ್ಲ. ಇಲ್ಲೊಂದು ಮಾತು. ಎಚ್‌ಡಿ ಬಾಕ್ಸ್ ತಂದು ಹಳೆಯ ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ವೈರಿನಲ್ಲೇ ಜೋಡಿಸಿಕೊಂಡು, "ಎಚ್‌ಡಿಗೆ ದುಡ್ಡು ಕಟ್ತೀವಿ, ಏನೂ ವ್ಯತ್ಯಾಸ ಇಲ್ಲ" ಎನ್ನುವ ಮನೆಗಳನ್ನು ನಾನು ನೋಡುತ್ತಲೇ ಇರುತ್ತೇನೆ. ಆ ವೈರಿನಲ್ಲಿ ಎಚ್‌ಡಿ ಹಾಯುವುದೇ ಇಲ್ಲ. ಎಚ್‌ಡಿಎಂಐ ಕೇಬಲ್ ಬೇಕು.

ಸಿಡಿಲಿನ ವಿಷಯದಲ್ಲಿ ಅವರಿಗೆ ಹೊಳೆದದ್ದು ನನಗಿಂತ ಚೆನ್ನಾಗಿತ್ತು. ಗುಡುಗು ಬಂದಾಗ ಪ್ಲಗ್ ಕಿತ್ತಿಡಿ ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಕೀಳುವುದಿಲ್ಲ. ಯಾಕೆ ಎಂದು ಕೇಳಿದರೆ ಮನೆಯೊಡತಿ ಷೋಕೇಸಿನ ಹಿಂಭಾಗ ತೋರಿಸಿದರು. ಸ್ವಿಚ್‌ಬೋರ್ಡ್ ಅದರ ಬೆನ್ನಿಗಿತ್ತು. ಕೈ ತೂರಿಸಬೇಕಾದರೆ ಷೋಕೇಸನ್ನೇ ಎಳೆಯಬೇಕು. ಬೋರ್ಡನ್ನು ಮುಂದಕ್ಕೆ, ಪಕ್ಕದ ಪಟ್ಟಿಯ ಮೇಲೆ ತರಿಸಿದರು. ಡಿಶ್ ಕೇಬಲ್ಲನ್ನೂ ಬಾಕ್ಸಿನಿಂದ ಸುಲಭವಾಗಿ ತಿರುಗಿಸಿ ಬಿಚ್ಚುವ ಹಾಗೆ ಮುಂದಕ್ಕೆ ಬಿಟ್ಟೆವು. ಪ್ಲಗ್ ಕಿತ್ತು ಕೇಬಲ್ ಬಿಟ್ಟರೆ ಅರ್ಧ ಕೆಲಸ. ಮನೆಯ ಅರ್ತಿಂಗ್ ವೈರ್ ತುಕ್ಕು ಹಿಡಿದು ತುಂಡಾಗಿತ್ತು, ಅದನ್ನೂ ಹೊಸದಾಗಿ ಹಾಕಿಸಿದರು.

ಏನಾಯಿತು

ದೀಪಾವಳಿಗೆ ಮುಂಚೆ ಕುಶಾಲನಗರದ ಅಂಗಡಿಯಿಂದಲೇ 43 ಇಂಚಿನ ಐಪಿಎಸ್ ಟಿ.ವಿ. ಬಂತು. ಆನ್‌ಲೈನ್‌ನಲ್ಲಿ ಅದೇ ಮಾದರಿ ಇನ್ನೂ ಸ್ವಲ್ಪ ಅಗ್ಗಕ್ಕಿತ್ತು. ಮಗ ಕೊನೆಯ ಬಾರಿ ವಾದಿಸಿದ. ಸರ್ವಿಸ್ ಸೆಂಟರ್ ಇರುವುದು ಮೈಸೂರಿನಲ್ಲಿ, ಶಾಂತಳ್ಳಿ ಕಡೆಗೆ ಬರಲು ಅವರು ದಿನ ದೂಡುತ್ತಾರೆ. ಕುಶಾಲನಗರದವನಾದರೆ ಅಂಗಡಿ ಮುಂದೆ ಹೋಗಿ ನಿಂತು ಕೇಳಬಹುದು ಎಂಬುದು ಯಜಮಾನರ ಲೆಕ್ಕ. ಪೆಟ್ಟಿಗೆ ಮನೆಯಲ್ಲೇ ಬಿಚ್ಚಿ, ಚಿತ್ರ ಬರಿಸಿ ತೋರಿಸಿದ ಮೇಲೆ ಪೂರ್ತಿ ಹಣ ಎಂದು ಮಾತಾಡಿಕೊಂಡರು. ಹಾಗೇ ನಡೆಯಿತು.

ಮೊದಲ ದಿನ ಎಲ್ಲರ ಮುಖ ಕೆಂಪಗೆ ಕಂಡಿತು. ಅಂಗಡಿಯ ಮೋಡ್ ಹಾಗೇ ಇತ್ತು. ಹೋಮ್‌ಗೆ ಬದಲಿಸಿ, ಚಿತ್ರದ ಮೋಡನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ, ಓಡುವ ದೃಶ್ಯವನ್ನು ನುಣ್ಣಗೆ ಮಾಡುವ ಆಯ್ಕೆಯನ್ನು ನಿಲ್ಲಿಸಿದೆ. ಕರೆಂಟ್ ಬಳಕೆಯೂ ಅಲ್ಲೇ ಇಳಿಯಿತು. ಇನ್ವರ್ಟರ್ ಇರುವ ಮನೆಗೆ ಇದು ಸಣ್ಣ ವಿಷಯವಲ್ಲ. ಅವರ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್ ಅವರ್ ಇದೆ, ಕೈಗೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. 43 ಇಂಚು ನೂರು ವಾಟ್ ಆಸುಪಾಸು ತಿಂದರೆ 55 ಇಂಚು ಅದರ ಒಂದೂವರೆ ಪಟ್ಟು. ಮರ ಬಿದ್ದು ಎರಡು ದಿನ ಲೈನ್ ಇಲ್ಲದಾಗ ಆ ವ್ಯತ್ಯಾಸ ದೀಪಕ್ಕೆ ಉಳಿಯುತ್ತದೆ.

ಯಾರೂ ಎಣಿಸದ ತೊಡಕು ಶಬ್ದದ್ದು. ಹಾಲ್‌ನ ಒಂದು ಭಾಗಕ್ಕೆ ಹಂಚು ತೆಗೆದು ಶೀಟ್ ಹಾಕಿದ್ದಾರೆ. ಹಿಂಗಾರಿನ ಮೊದಲ ಜೋರು ಮಳೆಗೆ ಚಿತ್ರ ಅಲ್ಲಾಡದೆ ನಿಂತಿತು, ಆದರೆ ಟಿ.ವಿ. ಏನು ಹೇಳುತ್ತಿದೆ ಎಂದು ಒಬ್ಬರಿಗೂ ಕೇಳಲಿಲ್ಲ. ತೆಳು ಟಿ.ವಿ.ಗಳ ಸ್ಪೀಕರ್ ಕೆಳಮುಖವಾಗಿ ಇರುತ್ತದೆ. ಷೋಕೇಸ್ ಖಾನೆಯಲ್ಲಿ ಅದರ ಸ್ವರ ಇನ್ನೂ ಕುಂದಿತು. ಮಗ ಸೌಂಡ್‌ಬಾರ್ ಕಳಿಸಿದ. ಗದ್ದಲ ಹೆಚ್ಚಾಯಿತು, ಮಾತು ಸ್ಪಷ್ಟವಾಗಲಿಲ್ಲ. ಅಜ್ಜಿಗೆ ಕೇಳುವಷ್ಟು ಏರಿಸಿದರೆ ಯಜಮಾನರು ಎದ್ದು ಜಗಲಿಗೆ ಹೋಗುತ್ತಿದ್ದರು. ಬ್ಲೂಟೂತ್ ಹೆಡ್‌ಫೋನ್ ಜೋಡಿಸಿದಾಗ ಟಿ.ವಿ.ಯ ಸ್ವಂತ ಸ್ಪೀಕರ್ ಬಂದ್ ಆಯಿತು, ಅಜ್ಜಿ ಒಬ್ಬರೇ ಕೇಳುವಂತಾಯಿತು. ಅದೂ ಅವರಿಗೆ ಸೇರಲಿಲ್ಲ, "ಕಿವಿಗೆ ಬುಟ್ಟಿ ಕಟ್ಟಿದಂಗಾಗುತ್ತೆ" ಎಂದರು.

ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಎವಿ ವೈರ್. ಅವರ ಎಚ್‌ಡಿ ಬಾಕ್ಸ್ ಎಚ್‌ಡಿಎಂಐ ಮೂಲಕ ಟಿ.ವಿ.ಗೆ ಚಿತ್ರ ಕೊಡುವಾಗಲೂ ಕೆಂಪು, ಬಿಳಿ ಪಿನ್ನಿನಲ್ಲಿ ಶಬ್ದ ಕೊಡುತ್ತಲೇ ಇರುತ್ತದೆ. ಅಲ್ಲಿಂದ ಉದ್ದದ ವೈರ್ ಎಳೆದು, ಕಂಪ್ಯೂಟರಿಗೆ ಹಾಕುವ ಅಗ್ಗದ ಜೋಡಿ ಸ್ಪೀಕರನ್ನು ಅಜ್ಜಿಯ ಕುರ್ಚಿಯ ಎರಡು ಬದಿಗೆ ಇಟ್ಟೆವು. ವಾಲ್ಯೂಮ್ ತಿರುಗಿಸುವ ಗುಬುಟು ಅವರ ಕೈಯಲ್ಲೇ. ಟಿ.ವಿ.ಯ ಶಬ್ದಕ್ಕೂ ಇದಕ್ಕೂ ಕೂದಲೆಳೆಯಷ್ಟು ಹಿಂದುಮುಂದಾಗಿ ಸಣ್ಣ ಪ್ರತಿಧ್ವನಿ ಕೇಳುತ್ತದೆ. ಅಜ್ಜಿಗೆ ಅದು ಗೊತ್ತಾಗುವುದಿಲ್ಲ, ಉಳಿದವರು ರೂಢಿ ಮಾಡಿಕೊಂಡಿದ್ದಾರೆ. ಸೌಂಡ್‌ಬಾರ್ ಮಗನ ಜೊತೆ ಬೆಂಗಳೂರಿಗೆ ವಾಪಸ್ ಹೋಯಿತು.

ಈ ಪ್ರಕರಣದಿಂದ ತಿಳಿಯುವುದು

ಬೇರೆಯವರು ಇದನ್ನು ಓದಿ 43 ಇಂಚೇ ಸರಿ ಎಂದುಕೊಳ್ಳಬಾರದು. ಕುಶಾಲನಗರದಲ್ಲಿ, ಮಳೆ ಕಡಿಮೆ ಇರುವ ಕಡೆ, ಫೈಬರ್ ಲೈನ್ ಇರುವ ಹೊಸ ಮನೆಗೆ ಇದೇ ಲೆಕ್ಕ ಹಾಕಿದರೆ 55 ಬರಬಹುದು. ಲೆಕ್ಕದ ಕ್ರಮ ಮಾತ್ರ ಅದೇ: ಮನೆಗೆ ಏನು ಬರುತ್ತಿದೆ ಎಂಬುದು ಮೊದಲು, ಯಾರು ಎಲ್ಲಿ ಕೂರುತ್ತಾರೆ ಎಂಬುದು ಆಮೇಲೆ, ಪರದೆ ಕೊನೆಗೆ. ಈ ಮನೆಯಲ್ಲಿ ಡಿಶ್, ಪೈಪ್, ಕೇಬಲ್, ಅರ್ತಿಂಗ್, ಸ್ಪೀಕರ್ ಎಲ್ಲ ಸೇರಿದ ಖರ್ಚು 43ಕ್ಕೂ 55ಕ್ಕೂ ಇದ್ದ ಬೆಲೆಯ ವ್ಯತ್ಯಾಸದ ಒಳಗೇ ಮುಗಿಯಿತು.

ಅಂಗಡಿಯಲ್ಲಿ ಎಸ್‌ಡಿ ಚಾನೆಲ್ ಹಾಕಿಸಿ ನೋಡಿದ್ದು, ಕೊಳ್ಳುವುದನ್ನು ಮುಂದೂಡಿದ್ದು, ಮರ ಕಡಿಯದೆ ಡಿಶ್ ಸರಿಸಿದ್ದು: ಈ ಮೂರು ತೀರ್ಮಾನಗಳೂ ಯಜಮಾನರದ್ದೇ, ತಾಂತ್ರಿಕ ವಿಷಯ ಗೊತ್ತಿದ್ದ ಮಗನದ್ದಲ್ಲ, ನನ್ನದೂ ಅಲ್ಲ. ಅವರಿಗೆ 4ಕೆ ಅಂದರೆ ಏನೆಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಮಗನ ಆಯ್ಕೆ ತಪ್ಪು ಎನ್ನಲೂ ಆಗದು. ಅವನು ಆರಿಸಿದ್ದು ಬೆಂಗಳೂರಿನ ಅವನ ಕೋಣೆಗೆ ಹೊಂದುವ ಟಿ.ವಿ.ಯನ್ನು, ಅಲ್ಲಿ ಅವನು ನೋಡುವುದೆಲ್ಲ ಇಂಟರ್ನೆಟ್‌ನಿಂದ.

ಅಜ್ಜಿಯನ್ನು ಮೊದಲೇ ಕೇಳಿದ್ದರೆ ಸೌಂಡ್‌ಬಾರ್ ಸುತ್ತು ತಪ್ಪುತ್ತಿತ್ತು. ದಿನಕ್ಕೆ ಅತಿ ಹೆಚ್ಚು ಹೊತ್ತು ಟಿ.ವಿ. ಮುಂದೆ ಕೂರುವವರು ಅವರೇ, ಅವರಿಗೆ ಬೇಕಿದ್ದದ್ದು ಕೇಳಿಸುವುದು.

ಇನ್ನೂ ತೀರ್ಮಾನವಾಗದ್ದು ಇಂಟರ್ನೆಟ್. ಹಬ್ಬಕ್ಕೆ ಬಂದ ಮಗ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ 4ಕೆ ಸಿನಿಮಾ ಹಾಕಿದ. ಅದಕ್ಕೆ ಸೆಕೆಂಡಿಗೆ ಸುಮಾರು 15 ಮೆಗಾಬಿಟ್ ವೇಗ ಬೇಕು, ಗಂಟೆಗೆ ಏಳು ಜಿಬಿಯವರೆಗೂ ಹೋಗುತ್ತದೆ. ದಿನಕ್ಕೆ ಎರಡು ಜಿಬಿಯ ಪ್ಯಾಕ್ ಸಿನಿಮಾದ ಟೈಟಲ್ ಮುಗಿದು ಸ್ವಲ್ಪ ಹೊತ್ತಿಗೇ ಖಾಲಿಯಾಯಿತು. ಪಕ್ಕದ ಊರಿನವರೆಗೆ ಫೈಬರ್ ಬಂದಿದೆ, ಇಲ್ಲಿಗೆ ಎಳೆಯಲು ತೋಟದ ನಡುವೆ ಕಂಬ ಬೇಕು ಎಂದು ಕೇಬಲ್‌ನವನು ಹೇಳಿದ್ದಾನೆ. ಬಂದರೆ ಮಳೆಗಾಲಕ್ಕೆ ಡಿಶ್‌ನ ಹಂಗೇ ಇರುವುದಿಲ್ಲ. ಆದರೆ ಕಂಬದ ಸಾಲು ಹಾಯಬೇಕಾದದ್ದು ಅದೇ ಸಿಲ್ವರ್ ಓಕ್ ಸಾಲಿನ ಪಕ್ಕದಲ್ಲಿ, ಕೊಂಬೆ ಬಿದ್ದರೆ ವೈರ್ ತುಂಡು. ಮೆಣಸು ಕೊಯ್ದ ಮೇಲೆ ಮರಗಸಿ ಮಾಡಿಸಿ, ಆಮೇಲೆ ಅವನನ್ನು ಕರೆಯುತ್ತೇನೆ ಎಂದು ಯಜಮಾನರು ಹೇಳಿದ್ದಾರೆ. ಕಣದ ಡಿಶ್ ಇನ್ನೂ ಪೂರ್ತಿ ಮುಂಗಾರು ಒಂದನ್ನೂ ಕಂಡಿಲ್ಲ; ಹಿಂಗಾರಿನಲ್ಲಿ ಅದು ತಡೆದುಕೊಂಡಿದೆ ಅಷ್ಟೇ, ಜುಲೈನಲ್ಲಿ ಹೇಗೆ ಎಂದು ಕಾದು ನೋಡಬೇಕು.